ಒಳಕೋಣೆಯ ಸಸಿಮಡಿ

ಕೊಣನೂರಿನ ಸಂತೆಯಲ್ಲಿ ಬೇಕಾದಷ್ಟು ತರಕಾರಿ ಸಸಿ ಸಿಗುತ್ತಿತ್ತು. ಆದರೆ ಅಜ್ಜಿ ಪುಟ್ಟತಾಯಮ್ಮ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ವರ್ಷವರ್ಷವೂ ಕಾಪಾಡಿಕೊಂಡು ಬಂದ ಹುಳಿ ಟೊಮೆಟೊ, ಗಿಡ್ಡ ಮೆಣಸಿನಕಾಯಿ ಯಾವ ಸಂತೆಯಲ್ಲೂ ಸಿಗುವಂಥವಲ್ಲ. ಮೊಮ್ಮಗಳು ಧನ್ಯಾ ಆ ಬೀಜವನ್ನೆಲ್ಲ ಒಂದು ಕಾಳೂ ಉಳಿಸದೆ ಬಿತ್ತಿದ್ದಳು. ಮನೆ ಹಿಂದಿನ ಅರ್ಧ ಎಕರೆ ಹಿತ್ತಲನ್ನು ಅಪ್ಪ ರಾಮಣ್ಣ ಶುಂಠಿಗೆ ಹಾಕಲು ಹೊರಟಾಗ, ಎಂದೂ ಎದುರಾಡದವಳು ಬಾಯಿಬಿಟ್ಟು ಬೇಡವೆಂದಿದ್ದಳು.

"ಆಯ್ತು ಕಣವ್ವಾ," ಎಂದಿದ್ದ ರಾಮಣ್ಣ. "ಮೊದಲ ಮಳೆ ಒತ್ಗೆ ನಾಟಿ ಮಾಡೋ ಅಂಗೆ ಸಸಿ ತೋರ್ಸು, ಹಿತ್ಲು ನಿಂದು. ಇಲ್ದಿದ್ರೆ ಟ್ಯಾಕ್ಟ್ರು ಬಿಡ್ತೀನಿ."

ಹೊರಗೆ ಕೋಳಿ, ನವಿಲುಗಳ ಕಾಟ. ಆದ್ದರಿಂದ ಒಳಕೋಣೆಯ ಕಿಟಕಿ ಪಕ್ಕದಲ್ಲೇ ಸಸಿ ಎಬ್ಬಿಸಿದಳು. ಟ್ರೇಗಳು ಅಪ್ಪನ ಹೊಗೆಸೊಪ್ಪಿನ ಸಸಿಯವು. ಹೊಗೆಸೊಪ್ಪಿನ ರೋಗ, ಸೊಪ್ಪು ಮುಟ್ಟಿದ ಕೈಯಿಂದಲೇ ಟೊಮೆಟೊ, ಮೆಣಸಿಗೆ ಹತ್ತುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದಳಲ್ಲ, ಟ್ರೇಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ಉಜ್ಜಿದ್ದಳು. ಸೊಪ್ಪು ಮುಟ್ಟುವ ಅಪ್ಪನಿಗೆ ಆ ಕೋಣೆಗೆ ಪ್ರವೇಶವೇ ಇರಲಿಲ್ಲ.

"ನಮ್ಮನೇಲೇ ನಮ್ಗೆ ತಡೆ! ಒಳ್ಗೇನು ಬಾಣಂತಿ ಮಲ್ಗವ್ಳಾ?" ಎಂದು ಅವನು ಹೊಸ್ತಿಲಾಚೆಯಿಂದ ರೇಗಿಸುತ್ತಿದ್ದ.

"ಬಾಣಂತಿಗಿಂತ ಎಚ್ಚು ಕಣ್ಲಾ, ಓಗು ಅತ್ಲಾಗೆ," ಎನ್ನುತ್ತಿದ್ದಳು ಒಳಗಿನಿಂದ ಅಜ್ಜಿ.

ಮಂಡಿ ಸೋತು ಹಿತ್ತಲಿಗೆ ಹೋಗಲಾರದ ಅಜ್ಜಿಗೆ ಹಿತ್ತಲೇ ಕೋಣೆಗೆ ಬಂದಂತಾಗಿತ್ತು. ದಿನವಿಡೀ ಟ್ರೇ ಪಕ್ಕ ಕೂತು ಬಡವಾದ ಮೊಳಕೆ ಚಿವುಟುವಳು, ಉಳಿದವನ್ನು ನೇವರಿಸುವಳು.

ಒಂದು ಬೆಳಿಗ್ಗೆ ಎಳೆ ಎಲೆಗಳಲ್ಲಿ ತಿಳಿಹಸಿರು, ಕಡುಹಸಿರು ಮಚ್ಚೆಗಳು ಕಂಡವು. ಬಿಸಿಲು ಸಾಲದೆಂದು ಧನ್ಯಾ ಟ್ರೇಗಳನ್ನು ಸರಿಸಿಟ್ಟಳು. ವಾರದೊಳಗೆ ಪಕ್ಕದ ಸಸಿಗಳೂ ಸುರುಟಿಕೊಂಡವು. ಒಂದು ದಿನ ಅವಳು ನೋಡುತ್ತಿದ್ದಂತೆಯೇ ಅಜ್ಜಿ ಸಂಚಿಯಿಂದ ಹೊಗೆಸೊಪ್ಪು ತೆಗೆದು, ಅಂಗೈಯಲ್ಲಿ ಸುಣ್ಣದೊಂದಿಗೆ ತಿಕ್ಕಿ ದವಡೆಗಿಟ್ಟುಕೊಂಡಳು. ಅದೇ ಬೆರಳುಗಳಿಂದ ಎಲೆಯೊಂದನ್ನು ಎತ್ತಿದಳು.

"ಯಾಕ್ ಮಗಾ, ಇದು ಮುದುರ್ಕಂಡದೆ?"

 ಅಜ್ಜಿಯ ಸಂಚಿಯ ಒಣಸೊಪ್ಪಿನಿಂದಲೂ ರೋಗ ಹತ್ತೀತೆಂದು ಧನ್ಯಾಳಿಗೆ ಹೊಳೆದೇ ಇರಲಿಲ್ಲ. ಈ ರೋಗಕ್ಕೆ ಔಷಧಿಯೂ ಇರಲಿಲ್ಲ.

ಮರುದಿನ ರಾಮಣ್ಣ ಹೊಸ್ತಿಲಲ್ಲಿ ನಿಂತು ಟ್ರೇ ನೋಡಿದ. ಸೊಪ್ಪು ಬೆಳೆದವನಿಗೆ ಹೇಳಿಕೊಡಬೇಕಾಗಿರಲಿಲ್ಲ. "ಇದು ನಮ್ ಸೊಪ್ಪಿನ ಕಾಯ್ಲೆನೇಯಾ. ನಾನಂತೂ ಒಳಕ್ಕೆ ಕಾಲಿಟ್ಟಿಲ್ಲ. ಎಂಗೆ ಬಂತು?"

ಅಜ್ಜಿ ತಲೆಯೆತ್ತಿದಳು.

"ನಂದೇ ತಪ್ಪು ಕಣಪ್ಪ," ಎಂದಳು ಧನ್ಯಾ. "ಟ್ರೇ ಸರಿಯಾಗಿ ತೊಳೀಲಿಲ್ಲ."

"ಅಷ್ಟು ಓದಿ ಇಷ್ಟೇಯಾ!" ಎಂದ ರಾಮಣ್ಣ. ಅದನ್ನು ಅವಳು ತಡೆದುಕೊಂಡಳು. ಅಜ್ಜಿಯ ಮಾತು ಹಾಗಿರಲಿಲ್ಲ.

"ಒಂದು ಟ್ರೇ ತೊಳಿಯಾಕೆ ಬರಲ್ವೇನೇ ನಿಂಗೆ? ನಮ್ಮತ್ತೆ ಕಾಲದ ಬೀಜ ಕಣೇ ಅದು! ನಿನ್ ಕೈಗುಣನೇ ಸರಿಯಿಲ್ಲ. ಎಲ್ಲಾನೂ ತಿಂದ್ಬುಟ್ಟೆ."



ಮಳೆ ಬಿದ್ದ ವಾರವೇ ಟ್ರ್ಯಾಕ್ಟರು ಹಿತ್ತಲಿಗಿಳಿಯಿತು. ಧನ್ಯಾ ಸಸಿಗಳನ್ನು ಕಿತ್ತು ಗೋಣಿಚೀಲಕ್ಕೆ ತುಂಬಿ, ಕೈ ತೊಳೆದು, ಅಜ್ಜಿಗೆ ಕಾಫಿ ತಂದಳು. ಪುಟ್ಟತಾಯಮ್ಮ ಗೋಡೆ ಕಡೆಗೆ ಹೊರಳಿದಳು.

"ಅಲ್ಲಿಡು. ನಿಮ್ಮಪ್ಪ ಬರ್ಲಿ, ಅವ್ನ ಕೈಲೇ ಈಸ್ಕತೀನಿ."