ಹನುಮಪ್ಪನ ಆಣೆ, ಸೀಮಿಕಲ್ಲಿನ ತನಕ

ಹಿರೇಬೆಂಡಿಗೇರಿಯ ಬಡಿಗೇರ ಉಳವಪ್ಪ ಕುಡಿತ ಬಿಟ್ಟನೆಂದು ನಾನು ಹಾನಗಲ್ಲಿನ ತರಗತಿಯಲ್ಲಿ ಎದ್ದು ನಿಂತು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಲಕ್ಷ್ಮಪ್ಪ ಮಾಸ್ತರರೊಬ್ಬರೇ ತಟ್ಟಲಿಲ್ಲ. ಧೋತರದ ಚುಂಗಿನಿಂದ ಕಣ್ಣಿನ ಚಾಳೀಸು ಒರೆಸುತ್ತ ಕೇಳಿದರು:

"ಇಷ್ಟು ಲಗೂನ ಬಿಟ್ಟನೇನವಾ?"

"ಬಿಟ್ಟಾನ್ರಿ."

"ಹೆಂಗ ಬಿಟ್ಟ?"

"ಊರ ಹನುಮಪ್ಪನ ಮುಂದ ಆಣಿ ಮಾಡ್ಯಾನ್ರಿ."

"ಹ್ಞೂಂ," ಅಂದರು. ಆ ಹ್ಞೂಂ ನನಗೆ ಸರಿಬರಲಿಲ್ಲ.

ಆಗ ನಮ್ಮ ಕಡೆ ಮುಂಬಯಿ ಸರಕಾರ. ದಾರೂಬಂದಿ ಕಾಯಿದೆ ಬಂದು ಅಂಗಡಿಗಳು ಮುಚ್ಚಿದ್ದವು, ಬಾಯಿಗಳು ಮುಚ್ಚಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಈಗ ಹಳ್ಳದ ಪೊದೆಯಲ್ಲಿ ಸಿಗುತ್ತಿತ್ತು. ಪೊಲೀಸರು ಭಟ್ಟಿಯ ಗಡಿಗೆ ಒಡೆಯುತ್ತಿದ್ದರು, ಕುಂಬಾರರು ಹೊಸ ಗಡಿಗೆ ಮಾರುತ್ತಿದ್ದರು. ಕುಡಿಯುವವರ ಹತ್ತಿರ ಹೋಗಿ ಕುಳಿತು ಮಾತಾಡುವ ಜನ ಬೇಕೆಂದು ಯಾರೋ ಪುಣ್ಯಾತ್ಮರಿಗೆ ಅನಿಸಿ, ಹಾನಗಲ್ಲಿನಲ್ಲಿ ಒಂದು ತರಗತಿ ತೆರೆದರು. ಅಕ್ಷರ ಬಲ್ಲ ಹೆಂಗಸರಾದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆಂದು ನಮ್ಮನ್ನು ಆರಿಸಿದ್ದರು. ನನ್ನ ಅಕ್ಷರ ಹತ್ತಿಮತ್ತೂರಿನ ರಾತ್ರಿಸಾಲೆಯದು. ಗಂಡ ತೀರಿಕೊಂಡ ಮೇಲೆ ಅಣ್ಣ ಚಂದ್ರಪ್ಪನ ಮನೆಯಲ್ಲಿದ್ದೆ. ಹೊರಡುವಾಗ ಅತ್ತಿಗೆ ಹೊಳೆವ್ವ ಬುತ್ತಿ ಕಟ್ಟಿಕೊಟ್ಟು, "ಪಾಸಾದ್ರ ನಿನ್ನ ಒಲಿ ನೀ ಹೂಡಕೋ. ಇಲ್ಲಾಂದ್ರ ಬಾ, ಹತ್ತಿ ಬಿಡಸಾಕ ಆಳು ಬೇಕ ಐತಿ," ಅಂದಿದ್ದಳು. ಸಿಟ್ಟಿನ ಮಾತಲ್ಲ ಅದು, ಇದ್ದದ್ದನ್ನು ಹೇಳಿದಳು. ನನಗೆ ನನ್ನದೇ ಆದ ಒಂದು ಒಲೆ ಬೇಕಾಗಿತ್ತು.

ಮಾಸ್ತರರು ಹಿರೇಕೆರೂರಿನವರು. ಅವರ ಪಾಠ ಪುಸ್ತಕದಲ್ಲಿ ಇರಲಿಲ್ಲ. ಕುಡಿದವನ ಮನೆಗೆ ಕುಡಿದ ಹೊತ್ತಿನಲ್ಲಿ ಹೋಗಬೇಡಿ. ಅವನಿಗೆ ಕುಡುಕ ಅನ್ನಬೇಡಿ, ಅವನ ಹೆಸರು ಹಿಡಿದು ಕರೆಯಿರಿ. ಬುದ್ಧಿ ಹೇಳಾಕ ಊರತುಂಬ ಜನ ಅದಾರ, ನೀವು ಕೇಳಾಕ ಹೋಗ್ರಿ. ಅವನಿಗೆ ಬಾಯಾರಿಕೆ ಆಗುವ ಹೊತ್ತು ಯಾವುದು ಹುಡುಕಿರಿ, ಆ ಹೊತ್ತಿಗೆ ಅಲ್ಲಿರಿ. ನನ್ನ ಪಕ್ಕದಲ್ಲಿ ಕುಳಿತಿದ್ದ ಸವಣೂರಿನ ಚಮನಬಿ ಇದನ್ನೆಲ್ಲ ಕೇಳಿ ಪಿಸುಗುಟ್ಟಿದಳು: "ನನ್ನ ಗಂಡಗ ಚಹಾದ ಬಾಯಾರಿಕಿ ಇಡೀ ದಿನ ಇರತೈತಿ. ಅದಕ್ಕೇನ ಮಾಡೂಣು ಕೇಳಲೇನ?"

ಪಾಠ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಊರು, ಒಂದೊಂದು ಮನೆ. ಅಲ್ಲೇ ಇರಬೇಕು, ವಾರಕ್ಕೊಮ್ಮೆ ತರಗತಿಗೆ ಬಂದು ಆದದ್ದನ್ನು ಹೇಳಬೇಕು. ಮುಂಗಾರು ಬೀಳುವ ಮೊದಲು ಆ ಮನುಷ್ಯನನ್ನೇ ಹಾನಗಲ್ಲಿಗೆ ಕರೆತರಬೇಕು. ಧಾರವಾಡದಿಂದ ಸಾಹೇಬರು ಬಂದು ಅವನನ್ನು ಮಾತಾಡಿಸುತ್ತಾರೆ. ಅವನು ತನ್ನ ಕಾಲ ಮೇಲೆ ನಿಂತು ತನ್ನ ಬಾಯಿಂದ ಉತ್ತರ ಕೊಟ್ಟರೆ ನಮಗೆ ನೌಕರಿ. ಪರೀಕ್ಷೆ ನಮ್ಮದು, ಬರೆಯುವವನು ಬೇರೆ.

ನನಗೆ ಬಂದವನು ಉಳವಪ್ಪ. ಬೀಜ ಬಿತ್ತುವ ಕೂರಿಗೆ ಮಾಡುವುದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರುವಾಸಿ. ಮಾತು ಕಡಿಮೆ. ಅವನ ಹೆಂಡತಿ ಶಂಕ್ರವ್ವನದು ಅವನದೂ ಸೇರಿಸಿ ಮಾತು. ಸಾಲೀ ಅಕ್ಕೋರಿಗೆ ಅನ್ನುವ ಹಾಗೆ ಇಬ್ಬರೂ ನನಗೆ ‘ಬಾಯಾರ’ ಅನ್ನುತ್ತಿದ್ದರು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, "ಬಾಯಾರ, ಇದೆಲ್ಲ ಸಾಲೀ ಮಾತು. ನಮ್ಮೂರಾಗ ಬದುವಿನ ಜಗಳ ಇರಲಿ, ಕಳವು ಇರಲಿ, ಹನುಮಪ್ಪನ ಮುಂದ ಆಣಿ ಮಾಡಿಸಿದ್ರ ಮುಗೀತು. ಇವಗೂ ಮಾಡಸೂಣು," ಅಂದಳು. ಹನುಮಪ್ಪನ ಹುಟ್ಟಿದ ದಿನ ತೊಟ್ಟಿಲು ತೂಗಿದ ಮೇಲೆ ಹಿರಿಯರ ಎದುರು ಉಳವಪ್ಪ ಗುಡಿಯ ಹೊಸ್ತಿಲು ಮುಟ್ಟಿ ಆಣೆ ಮಾಡಿದ. ಮರುದಿನದಿಂದ ಊರಲ್ಲಿ ಅವನ ಬಾಯಿ ವಾಸನೆ ಹೊಡೆಯಲಿಲ್ಲ. ಅದನ್ನೇ ನಾನು ತರಗತಿಯಲ್ಲಿ ಹೇಳಿದ್ದು.

ಅವತ್ತು ಸಂಜೆ ಶಿಗ್ಗಾವಿ ದಾಟಿ ಬಸ್ಸಿಳಿದು ಚಕ್ಕಡಿಯೊಂದರಲ್ಲಿ ಹಿರೇಬೆಂಡಿಗೇರಿಗೆ ಹೊರಟೆ. ಚಕ್ಕಡಿಯವನು ಊರ ಗಡಿ ತೋರಿಸುವ ಸೀಮಿಕಲ್ಲಿನ ಹತ್ತಿರ ಇಳಿಸಿ ತನ್ನ ಹೊಲಕ್ಕೆ ಹೋದ. ಕಲ್ಲಿನ ಈಚೆ, ಅಂದರೆ ಊರ ಹೊರಗೆ, ಜಾಲಿಮರದ ಬುಡದಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಕುಳಿತಿದ್ದ. ಪಕ್ಕದಲ್ಲಿ ಬಾಟಲಿ.

"ಬರ್ರಿ ಬಾಯಾರ, ಕುಂತ್ರಿ," ಅಂದ ಉಳವಪ್ಪ. ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಉಳವಪ್ಪಣ್ಣ, ಏನಿದು? ಹನುಮಪ್ಪನ ಆಣಿ?"

"ಆಣಿ ಐತಲ್ರಿ. ಯಾರು ಇಲ್ಲ ಅಂದ್ರು?" ಕಲ್ಲಿನ ಕಡೆ ಬೆರಳು ಮಾಡಿದ. "ನಮ್ಮ ಹನುಮಪ್ಪಂದು ಆ ಕಲ್ಲಿನ ತನಕ. ಈ ಕಡೀದು ಬ್ಯಾರೆ ಊರಂದು. ಆ ಊರ ದೇವರ ಜೋಡಿ ನಂದೇನೂ ಮಾತಾಗಿಲ್ಲ."

"ಮನಿಗೆ ಹೆಂಗ ಹೊಕ್ಕೀರಿ ಹಿಂಗ?"

"ಹೋಗಂಗಿಲ್ರಿ. ಇಳಿಯೂತನ ಇಲ್ಲೇ ಕುಂದರತೇನಿ. ಹೊಟ್ಟ್ಯಾಗ ಇಟಗೊಂಡು ಕಲ್ಲು ದಾಟಿದ್ರ ಅದು ಒಳಗ ತಂದಂಗ ಆತಲ್ರಿ. ಹನುಮಪ್ಪಗ ಮೋಸ ಮಾಡಲೇನು?"

ಶಂಕ್ರವ್ವ ಮಾತ್ರ ಗಂಡ ಪಕ್ಕದೂರಿಗೆ ಕೂರಿಗೆ ರಿಪೇರಿಗೆ ಹೋಗುತ್ತಾನೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಮುಂದಿನ ವಾರ ಮಾಸ್ತರರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ಅವ ಮಾತು ಉಳಿಸಿಕೊಳ್ಳೋ ಮನಶಾ ಅದಾನವಾ. ಆ ಮಾತು ದೇವರಿಗೆ ಕೊಟ್ಟಾನ, ತನಗ ಇನ್ನೂ ಕೊಟ್ಟಕೊಂಡಿಲ್ಲ, ಅಷ್ಟ. ಹೋಗಿ ಕಲ್ಲಿನ ಹತ್ತರ ಕುಂದರು," ಅಂದರು.

"ಹಾನಗಲ್ಲಿಗೆ ಕರಕೊಂಡು ಬರೂದು ಹೆಂಗ್ರಿ? ಕಲ್ಲು ದಾಟಿದ ಕೂಡ್ಲೆ ಅವ ಸ್ವತಂತ್ರ."

"ಅದಕ್ಕ ಹೋಗಿ ಕುಂದರು ಅಂದೆ."

ಚಮನಬಿಯ ಉಪಾಯ ಬೇರೆ: "ಅವನ ಚಪ್ಪಲಿಯೊಳಗ ಅವರೂರ ಮಣ್ಣು ಹಾಕು. ಎಲ್ಲಿ ನಿಂತ್ರೂ ಹಿರೇಬೆಂಡಿಗೇರಿ ಮ್ಯಾಲ ನಿಂತಂಗ." ಇದನ್ನು ನಾನು ಉಳವಪ್ಪನಿಗೆ ಹೇಳಿಯೂ ಹೇಳಿದೆ. ಅವನು ಗಂಭೀರವಾಗಿ ವಿಚಾರ ಮಾಡಿ, "ಮಣ್ಣು ಬರತೈತ್ರಿ, ಗುಡಿ ಬರಂಗಿಲ್ಲ," ಅಂದ.

ಸರಿ, ಹೋಗಿ ಕುಳಿತೆ. ಸಂಜೆಯಾಗುತ್ತಲೇ ಸೀಮಿಕಲ್ಲಿಗೆ ಬೆನ್ನು ಕೊಟ್ಟು ಊರ ಕಡೆ ನಾನು, ಹೊರಗಡೆ ಜಾಲಿಯ ಬುಡದಲ್ಲಿ ಉಳವಪ್ಪ. ಬರಿಗೈಲಿ ಕುಳಿತು ನನಗೆ ರೂಢಿಯಿಲ್ಲ. ಬಿತ್ತನೆಯ ದಿನಗಳು ಹತ್ತಿರ ಬಂದಿದ್ದವು, ಶಂಕ್ರವ್ವನ ಮನೆಯ ಬೀಜದ ಶೇಂಗಾ ಒಂದು ಬುಟ್ಟಿ ತಂದು ಸುಲಿಯುತ್ತಿದ್ದೆ. ಬೀಜದ ಶೇಂಗಾವನ್ನು ಕುಟ್ಟಿ ಒಡೆಯುವ ಹಾಗಿಲ್ಲ. ಕಾಳಿನ ಸಿಪ್ಪೆ ತರಚಿದರೂ ಮೊಳೆಯುವುದಿಲ್ಲ. ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಬಿಡಿಸಬೇಕು. ನಮ್ಮ ಕಡೆ ಇದು ಹೆಂಗಸರ ಕೆಲಸ, ಗಂಡಸರು ಸುಲಿದದ್ದನ್ನು ತಿನ್ನಲಿಕ್ಕೆ ಮಾತ್ರ ಬರುತ್ತಾರೆ.

ಮೊದಮೊದಲು ಅವನೂ ಸುಮ್ಮನೆ, ನಾನೂ ಸುಮ್ಮನೆ. ನನಗೇನು ಅವಸರ? ಆಮೇಲೆ ಒಂದು ದಿನ ಕೇಳಿದೆ, "ಉಳವಪ್ಪಣ್ಣ, ಮುಂಜಾನಿ ನಿಮಗ ಇದು ನೆನಪ ಬರೂದಿಲ್ಲೇನು?"

"ಮುಂಜಾನಿ ಕೈಯಾಗ ಉಳಿ ಇರತೈತ್ರಿ."

"ಮಧ್ಯಾಹ್ನ?"

"ಬಾಚಿ ಇರತೈತಿ." ಆಮೇಲೆ ತಾನೇ ಹೇಳಿದ, "ಹೊತ್ತು ಮುಣಗಿ ಹತ್ಯಾರ ಕೆಳಗಿಟ್ಟೆ ಅಂದ್ರ ಈ ಕೈಗೆ ಏನ ಹೇಳಬೇಕು ತಿಳ್ಯಂಗಿಲ್ರಿ. ಎರಡೂ ಕೈ ನನ್ನ ಮಾರೀನ ನೋಡತಾವು. ಬಾಟಲಿ ಕೊಟ್ರ ಸುಮ್ಮನಾಗತಾವು."

ಮಾಸ್ತರರು ಹುಡುಕಿ ಅಂದ ಹೊತ್ತು ಸಿಕ್ಕಿತು. ನಾನು ಬುಟ್ಟಿಯನ್ನು ಕಲ್ಲಿನ ಆಚೆ ಸರಿಸಿದೆ. ಬುಟ್ಟಿಗೆ ಯಾವ ಆಣೆಯೂ ಇರಲಿಲ್ಲ.

"ಏ, ಬ್ಯಾಡ್ರಿ. ಹೆಂಗಸರ ಕೆಲಸ."

"ಹೆಂಗಸರ ಕೆಲಸ ಖರೆ, ಬೀಜ ನಿಮ್ಮ ಹೊಲದ್ದು. ನನ್ನ ಹೆಬ್ಬಟ್ಟು ಹೋಗೇತಿ, ನೋಡ್ರಿಲ್ಲೆ."

ಬಾಟಲಿಯನ್ನು ಬದಿಗಿಟ್ಟು ಎರಡು ಸುಲಿದ. ಬಡಿಗನ ಕೈ ಅಲ್ಲವೇ, ಕಾಳಿನ ಮೇಲೆ ಒಂದು ಗೀರು ಬೀಳಲಿಲ್ಲ. ನನ್ನ ಕಾಳನ್ನೂ ತನ್ನ ಕಾಳನ್ನೂ ಅಂಗೈಯಲ್ಲಿಟ್ಟು ನೋಡಿದ. "ನೀವು ಭಾಳ ಒತ್ತತೀರಿ," ಅಂದ. ಅವತ್ತು ಬಾಟಲಿ ಅರ್ಧಕ್ಕೇ ಉಳಿಯಿತು.

ಊರು ಸುಮ್ಮನಿರುತ್ತದೆಯೇ? ಮೇವು ಹೊತ್ತು ಬರುತ್ತಿದ್ದ ಮಂಜಪ್ಪ ನಿಂತು ನೋಡಿ, "ಏನಲೇ ಉಳವಪ್ಪ, ಕುಪ್ಪಸಾ ಯಾವಾಗ ಹೊಲಿಸಾಂವ?" ಅಂದ.

"ನಿನ್ನ ಹೇಣ್ತೀ ಹತ್ತರ ಅಳತಿ ಕೇಳೇನಿ," ಅಂದ ಉಳವಪ್ಪ, ತಲೆ ಎತ್ತದೆ. ಮಂಜಪ್ಪ ಮತ್ತೆ ನಿಲ್ಲಲಿಲ್ಲ.

ಹಾಗೆ ಬುಟ್ಟಿ ಬುಟ್ಟಿ ಶೇಂಗಾ ಆಯಿತು. ಕೆಲವು ಸಂಜೆ ಬಾಟಲಿ ಬರುತ್ತಿತ್ತು, ಕೆಲವು ಸಂಜೆ ಬರುತ್ತಿರಲಿಲ್ಲ. ಅವನು ಬಿಟ್ಟನೆಂದು ನಾನು ಎದೆ ತಟ್ಟಿ ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಬರುವ ದಿನ ಬಂತು.

ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಉಳವಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು ಅತ್ತಿತ್ತ ನೋಡಿದ. "ಬಾಯಾರ, ನಾ ಒಂಚೂರು ಊರು ನೋಡಿ ಬರತೇನಿ," ಅಂದ.

ಪಕ್ಕದಲ್ಲಿ ಚಮನಬಿ. ಅವಳ ಪಾಲಿಗೆ ಬಂದಿದ್ದ ಸವಣೂರಿನ ದಿಲಾವರ ಇಸ್ತ್ರಿ ಜುಬ್ಬಾ ಹಾಕಿಕೊಂಡು ಮದುಮಗನಂತೆ ನಿಂತಿದ್ದ. ಚಮನಬಿ ನನ್ನ ಸೆರಗು ಜಗ್ಗಿ, "ಬಿಡಬ್ಯಾಡ. ಅಲ್ಲೇ ತಾರಕೇಶ್ವರ ಗುಡಿ ಐತಿ. ಹೊಸ್ತಿಲಾ ಮುಟ್ಟಿಸು. ಹಾನಗಲ್ಲಿಗೆ ಹಾನಗಲ್ಲಿನ ದೇವರು. ಇವತ್ತೊಂದು ದಿನ ಸಾಕಲ್ಲ," ಅಂದಳು.

ಮಾಡಿಸಬಹುದಿತ್ತು. ಅವನು ಮಾಡುತ್ತಿದ್ದ, ಉಳಿಸಿಕೊಳ್ಳುತ್ತಲೂ ಇದ್ದ. ನನ್ನ ಒಲೆ ಅಲ್ಲೇ ಉರಿಯುತ್ತಿತ್ತು. ಆದರೆ ಮರಳಿ ಹೋಗುವಾಗ ಶಿಗ್ಗಾವಿ ಬರುತ್ತದೆ, ನಾಳೆ ಬಂಕಾಪುರದ ಸಂತೆ ಬರುತ್ತದೆ. ಎಷ್ಟು ಹೊಸ್ತಿಲು ಮುಟ್ಟಿಸುತ್ತ ತಿರುಗಲಿ?

"ಹೋಗಿ ಬರ್ರಿ ಉಳವಪ್ಪಣ್ಣ," ಅಂದೆ. "ನಾ ನಮ್ಮ ತರಗತೀ ಕಟ್ಟೀ ಮ್ಯಾಲ ಕುಂತಿರತೇನಿ."

ಚಮನಬಿ ಹಣೆ ಬಡಿದುಕೊಂಡಳು.

ಸಾಹೇಬರು ಬಂದರು, ಖುರ್ಚಿಯ ಮೇಲೆ ಕುಳಿತರು, ಒಬ್ಬೊಬ್ಬರನ್ನೇ ಕರೆದರು. ಎಲ್ಲರೂ ಕಲಿಸಿದ್ದನ್ನು ಒಪ್ಪಿಸುವ ಮಕ್ಕಳಂತೆ, "ಪೂರಾ ಬಿಟ್ಟೇನ್ರಿ ಸಾಹೇಬ್ರ, ಜನ್ಮದಾಗ ಮುಟ್ಟಂಗಿಲ್ಲ," ಅಂದರು. ದಿಲಾವರ ಜುಬ್ಬಾದ ತೋಳು ಏರಿಸಿ ಎರಡು ಸಲ ಹೇಳಿದ. ಆಮೇಲೆ ನನ್ನ ಹೆಸರು ಬಂತು.

"ನಿಮ್ಮವರು ಎಲ್ಲಿ?"

"ಊರು ನೋಡಾಕ ಹೋಗ್ಯಾರ್ರಿ."

"ಒಬ್ಬರನ್ನೇ ಬಿಟ್ಟಿರಾ?" ಸಾಹೇಬರು ಮಾಸ್ತರರ ಕಡೆ ನೋಡಿದರು. ಮಾಸ್ತರರು ಚಾಳೀಸು ಒರೆಸತೊಡಗಿದರು.

"ಬರತಾರ್ರಿ," ಅಂದೆ. ಬರುತ್ತಾನೆಂದು ಗೊತ್ತಿತ್ತು. ಹೇಗೆ ಬರುತ್ತಾನೆ ಎನ್ನುವುದು ಗೊತ್ತಿರಲಿಲ್ಲ. ನನ್ನನ್ನು ಕಡೆಗಿಟ್ಟರು. ಕಟ್ಟೆಯ ಮೇಲೆ ಕುಳಿತು ಹತ್ತಿಮತ್ತೂರಿನ ಹತ್ತಿ ಹೊಲ ನೆನೆಸಿಕೊಂಡೆ. ಈ ವರ್ಷ ಬೆಳೆ ಚಲೋ ಬರುತ್ತದೆ ಅಂದುಕೊಂಡೆ.

ಸಾಹೇಬರು ಎದ್ದು ನಿಲ್ಲುವ ಹೊತ್ತಿಗೆ ಉಳವಪ್ಪ ಬಂದ. ನೆಟ್ಟಗೇ ನಡೆದು ಬಂದ. ಧೋತರದ ಮುಂದೆಲ್ಲ ಶೇಂಗಾ ಸಿಪ್ಪೆಯ ಧೂಳು.

"ಎಲ್ಲಿ ಹೋಗಿದ್ದಿರಿ?" ಸಾಹೇಬರು ಕೇಳಿದರು.

"ದನದ ಪ್ಯಾಟಿ ಹಿಂದ ಮಾರತಾರ್ರಿ. ಅಲ್ಲಿಗೆ ಹೋಗಿದ್ದೆ."

ನಾನು ಕಣ್ಣು ಮುಚ್ಚಿದೆ.

"ಕುಡಿದಿರೇನು?"

"ಇಲ್ರಿ. ಎದುರಿಗೆ ಕುಂತೆ. ಕಿಸೆದಾಗ ಶೇಂಗಾ ಇದ್ದುವು, ಸುಲದೆ. ಶೇಂಗಾ ಮುಗದುವು, ಬಂದೆ." ಸುಲಿದ ಕಾಳುಗಳನ್ನು ತೆಗೆದು ಸಾಹೇಬರ ಮೇಜಿನ ಮೇಲೆ ಇಟ್ಟ. ಒಂದರ ಮೇಲೂ ಗೀರಿರಲಿಲ್ಲ.

"ಹಾಗಾದರೆ ಪೂರ್ತಿ ಬಿಟ್ಟಿದ್ದೀರಿ ಅನ್ನಿ."

ಉಳವಪ್ಪ ವಿಚಾರ ಮಾಡಿದ. ಅವನ ವಿಚಾರ ಯಾವಾಗಲೂ ನಿಧಾನ. "ಹಿರೇಬೆಂಡಿಗೇರ್ಯಾಗ ಬಿಟ್ಟೇನ್ರಿ. ಅದು ಹನುಮಪ್ಪಂದು. ಹಾನಗಲ್ಲಾಗ ಇವತ್ತ ಬಿಟ್ಟೇನಿ. ಇದು ನಂದು. ಶಿಗ್ಗಾವಿದು ಮಾತ್ರ ಗೊತ್ತಿಲ್ರಿ. ಬಸ್ಸು ಅಲ್ಲಿ ಭಾಳೊತ್ತು ನಿಂದರತೈತಿ."

ದಿಲಾವರ ಜೋರಾಗಿ ನಕ್ಕುಬಿಟ್ಟ. ನಕ್ಕು, ತನ್ನ ಜುಬ್ಬಾ ನೋಡಿಕೊಂಡು, "ಸವಣೂರದು ನನಗೂ ಗೊತ್ತಿಲ್ರಿ ಸಾಹೇಬ್ರ," ಅಂದ. ಚಮನಬಿ ಅವನ ಕಡೆ ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಒಬ್ಬೊಬ್ಬರಾಗಿ ಉಳಿದವರೂ ಗೊತ್ತಿಲ್ಲದ್ದನ್ನು ಹೇಳತೊಡಗಿದರು. ಸಾಹೇಬರು ಮತ್ತೆ ಖುರ್ಚಿಯ ಮೇಲೆ ಕುಳಿತರು, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಶೇಂಗಾ ಕಾಳು ಬಾಯಿಗೆ ಹಾಕಿಕೊಂಡು ಮಾಸ್ತರರನ್ನು ಕೇಳಿದರು, "ಶಿಗ್ಗಾವಿಯಲ್ಲಿ ನಮ್ಮವರು ಯಾರಾದರೂ ಇದ್ದಾರೇನ್ರಿ?"

"ಇಲ್ರಿ," ಅಂದರು ಮಾಸ್ತರರು. "ಇರಬೇಕಾಗಿತ್ತು."

"ಈ ಬಾಯಾರು ಕೂತುಕೊಳ್ಳುತ್ತಾರೋ ಅಲ್ಲಿ?"

ನಾನು ಬಾಯಿ ತೆಗೆಯುವುದರೊಳಗೆ ಉಳವಪ್ಪ ಉತ್ತರ ಕೊಟ್ಟ. "ಕುಂದರೂದು ಅವರಿಗೆ ಹೇಳಿಕೊಡೂದು ಬ್ಯಾಡ್ರಿ. ಸುಲಿಯೂದು ಅಷ್ಟ ಕಲೀಬೇಕು."

ಶಿಗ್ಗಾವಿಯ ಬಸ್ ನಿಲ್ದಾಣದ ಎದುರಿಗೆ ನನಗೊಂದು ಖೋಲಿ ಸಿಕ್ಕಿತು, ಆ ಖೋಲಿಯಲ್ಲಿ ಒಂದು ಒಲೆ. ಆದರೆ ಅದು ಆಮೇಲಿನ ಮಾತು. ಅವತ್ತು ಸಂಜೆ ಬಸ್ಸು ಶಿಗ್ಗಾವಿಯಲ್ಲಿ ನಿಂತಿತು, ಡ್ರೈವರು ಚಹಾಕ್ಕೆ ಇಳಿದು ಹೋದ. ಉಳವಪ್ಪ ಕಿಟಕಿಯಿಂದ ಹೊರಗೆ ನೋಡಿದ, ತನ್ನ ಎರಡೂ ಕೈ ನೋಡಿಕೊಂಡ. ನಾನು ಕೆಳಗಿಳಿದು ಮುದುಕಿಯೊಬ್ಬಳ ಬುಟ್ಟಿಯಿಂದ ಸಿಪ್ಪೆಯ ಶೇಂಗಾ ಉಡಿತುಂಬ ಕೊಂಡು ಬಂದು ಇಬ್ಬರ ನಡುವೆ ಸುರುವಿದೆ.

"ಇವು ಬೀಜದ್ದಲ್ರಿ," ಅಂದ ಉಳವಪ್ಪ, ಒಂದನ್ನು ಎತ್ತಿ ನೋಡಿ.

"ಇರಲಿ. ಹೆಂಗ ಒತ್ತಬೇಕು, ತೋರಸ್ರಿ."