ಐದು ನಿಮಿಷಕ್ಕೊಮ್ಮೆ ಅತ್ತೆ

ಅಳಿಲು ಸ್ಪೀಕರನ್ನು ಮೂಸಿ ನೋಡಿ ಹೋಯಿತು, ಹೋಗಲಿ, ಎಂಟು ಗಂಟೆ ನಾಲ್ಕು ನಿಮಿಷ, ಇನ್ನೊಂದೇ ನಿಮಿಷ, ಕೂಗಪ್ಪಾ ಕೂಗು, ಪಂಪ್‌ಹೌಸಿನ ಕಟ್ಟೆಯ ಮೇಲೆ ನನ್ನ ಲ್ಯಾಪ್‌ಟಾಪು, ಪಕ್ಕದಲ್ಲೇ ಅತ್ತೆ, ಅವರ ಕೈಯಲ್ಲಿ ಆ ಬಿದಿರುಕೋಲು, ತುದಿ ಸವೆದು ಮೊಂಡಾಗಿದೆ, ಮೂವತ್ತು ವರ್ಷ ಅದನ್ನೇ ಕುಟ್ಟುತ್ತಾ ಹೋ ಹೋಯ್ ಎಂದು ತೋಟ ಸುತ್ತಿ ಕೋತಿ ಓಡಿಸಿದವರು, ಈಗ ಮಂಡಿ ಊದಿ ತೆಂಗಿನಕಾಯಿಯಷ್ಟಾಗಿದೆ, ತುಮಕೂರಿನ ಡಾಕ್ಟರು ಆಪರೇಷನ್ನಿಗೆ ಎರಡು ಸಲ ದಿನ ಕೊಟ್ಟರು, ಎರಡು ಸಲವೂ ಇವರು ಹೊರಡಲಿಲ್ಲ, ನಾನು ಮಲಗಿದ್ರೆ ತೋಟ ಯಾರು ಕಾಯ್ತಾರೆ, ನಿಮ್ಮಪ್ಪನಾ — ನಮ್ಮಪ್ಪನನ್ನು ಯಾಕೆ ಎಳೆಯಬೇಕೋ, ಇರಲಿ — ಇವತ್ತು ಮೂರನೆಯ ಸಲ, ಒಂಬತ್ತರ ಬಸ್ಸು, ಬ್ಯಾಗು ತುಂಬಿಟ್ಟಿದ್ದೇನೆ, ಷರತ್ತು ಒಂದೇ, ನಿನ್ನ ಯಂತ್ರ ಕೋತಿ ಓಡಿಸಿದ್ರೆ ಬತ್ತೀನಿ, ಇಲ್ದಿದ್ರೆ ಇಲ್ಲ ಕಣೇ ಗಂಗಾ. ಯಂತ್ರವೆಂದರೆ ಅತ್ತೆಯದೇ ದನಿ, ಮೊಬೈಲಿನಲ್ಲಿ ಹಿಡಿದದ್ದು, ಅದನ್ನು ಕೂಗಿಸಲು ಫಂಕ್ಷನ್ನು ಎಂಬ ನಾಲ್ಕು ಸಾಲಿನ ಪ್ರೋಗ್ರಾಮು, ಐದು ನಿಮಿಷಕ್ಕೊಮ್ಮೆ ಅದನ್ನು ನಡೆಸಲು ಟೈಮರು, ಅಷ್ಟೇ, ಮಾಯಸಂದ್ರದ ಕಂಪ್ಯೂಟರ್ ಸೆಂಟರಿನಲ್ಲಿ ದಿನಾ ನಾನು ಮಾಡುವ ಪಾಠವೇ ಇದು.

ಹೋ ಹೋಯ್, ಕೂಗಿತು, ಅಬ್ಬಾ, ಆದರೆ ತೆಂಗಿನ ಮರದ ಮೇಲಿನ ಆ ಗಡವ ಕೋತಿ ಕತ್ತು ಕೂಡ ಎತ್ತಲಿಲ್ಲ, ಎಳನೀರು ಕಚ್ಚುತ್ತಲೇ ಇದೆ, ದರಿದ್ರದ್ದು, ಅತ್ತೆ ಕೋಲನ್ನು ಬಿಗಿಯಾಗಿ ಹಿಡಿದುಕೊಂಡರು, ಮೂರನೆಯ ಸಲವೂ ಬಸ್ಸು ಹೋಗುತ್ತದೆ, ಗಂಟೆ ಎಂಟು ಹತ್ತಾಯಿತು, ಹೋ ಹೋಯ್ — ಇದೇನು, ಇಬ್ಬರು ಅತ್ತೆಯಂದಿರು, ಒಬ್ಬರ ಹಿಂದೆ ಒಬ್ಬರು, ಹದಿನೈದಕ್ಕೆ ನಾಲ್ವರು, ಅಯ್ಯೋ ನನ್ನ ಬುದ್ಧಿಯೇ, ಟೈಮರು ಶುರುಮಾಡುವ ಸಾಲನ್ನು ಫಂಕ್ಷನ್ನಿನ ಹೊರಗಿಡುವ ಬದಲು ಒಳಗೇ ಇಟ್ಟಿದ್ದೇನೆ, ಕೂಗಿದಾಗೆಲ್ಲ ಇನ್ನೊಂದು ಟೈಮರು ಹುಟ್ಟುತ್ತಿದೆ, ಹೀಗೆ ಮಾಡಬೇಡಿ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು ನಾನೇ, ನಿನ್ನೆ ಒಂದೇ ಸಲ ಕೂಗಿಸಿ ನೋಡಿ ಸರಿಯಾಗಿದೆ ಎಂದು ಹಿಗ್ಗಿ ಮಲಗಿದವಳೂ ನಾನೇ. ನಿಲ್ಲಿಸಲೇ ಬೇಡವೇ ಎನ್ನುವಷ್ಟರಲ್ಲಿ ಇಪ್ಪತ್ತಾಯಿತು, ಎಂಟು ಜನ ಅತ್ತೆಯಂದಿರು ಒಟ್ಟಿಗೆ, ಹೋ ಹೋಯ್ ಹೋಯ್ ಹೋ, ಗಡವ ಎಳನೀರು ಬಿಸಾಕಿ ಹಾರಿತು, ಹಿಂದೆ ಇಡೀ ಹಿಂಡು, ಮರದಿಂದ ಮರಕ್ಕೆ, ದಂಡಿನಶಿವರದ ಕಡೆಗೆ, ನಾನು ನಗಲೋ ಅಳಲೋ, ಸುಳ್ಳು ಹೇಳಿ ಕರೆದುಕೊಂಡು ಹೋಗಲು ಮನಸ್ಸಾಗಲಿಲ್ಲ, ತಪ್ಪಾಗಿದೆ ಅತ್ತೆ, ಒಬ್ಬರೇ ಕೂಗಬೇಕಿತ್ತು ಎಂದುಬಿಟ್ಟೆ.

ಅತ್ತೆ ಮರಗಳನ್ನೇ ನೋಡುತ್ತಾ ಮೆಲ್ಲಗೆ ಅಂದರು, ಒಬ್ಳೇ ಕೂಗಿ ಕೂಗಿ ಸಾಕಾಗಿತ್ತು ಕಣೇ, ಈಗ ಇಷ್ಟು ಜನ ಇದಾರಲ್ಲ, ನಡಿ, ಬಸ್ ಹೋಯ್ತದೆ. ಇರಿ ಅತ್ತೆ, ಎರಡೇ ನಿಮಿಷ, ಹದಿನಾರು ಜನರಾಗುವ ಮೊದಲು ಟೈಮರನ್ನು ಹೊರಗಿಡುತ್ತೇನೆ, ಎಂಟು ಜನರನ್ನು ಮಾತ್ರ ಉಳಿಸುತ್ತೇನೆ, ಆಯಿತು, ಎದ್ದರು, ನನ್ನ ಹೆಗಲು ಹಿಡಿದರು, ಭಾರ ಬಿಟ್ಟು ಹಿಡಿದರು, ಎರಡೂ ಕೈಯಲ್ಲಿ — ಎರಡೂ ಕೈಯಲ್ಲಿ — ಹಾಗಾದರೆ ಕೋಲು, ತಿರುಗಿ ನೋಡಿದೆ, ಪಂಪ್‌ಹೌಸಿನ ಗೋಡೆಗೆ ಒರಗಿಸಿಟ್ಟಿದ್ದಾರೆ, ಬಿದಿರುಕೋಲು, ಅದರ ಮೊಂಡು ತುದಿ.