ಮಾವನ ಬಟನ್

ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ ಮಾವನಿಗೆ ಉಳಿದದ್ದು ಬಲಗೈ ಹೆಬ್ಬೆರಳು ಮತ್ತು ಬೈಯುವ ಚಟ. ಹೆಬ್ಬೆರಳಿನಿಂದ ಒಂದು ದಪ್ಪ ಬಟನ್ ಒತ್ತಿ, ಕಂಪ್ಯೂಟರಿನ ತೆರೆಯ ಮೇಲೆ ಸರದಿಯಂತೆ ಹೊಳೆಯುವ ಅಕ್ಷರಗಳಲ್ಲಿ ಬೇಕಾದ್ದನ್ನು ಆರಿಸಿ, ಮನೆಯವರನ್ನೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಹಳೇ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದು ಆ ಬಟನ್ನನ್ನು ಗುರುತೇ ಹಿಡಿಯಲಿಲ್ಲ. ಬೇರೆ ಬಟನ್‌ಗಳು ಆ ಹೆಬ್ಬೆರಳಿಗೆ ಒಗ್ಗಲಿಲ್ಲ. ಮಾವನ ಬಾಯಿಗೆ ಬೀಗ ಬಿತ್ತು.

ಮನೆಯಲ್ಲಿ ಶಾಂತಿ ನೆಲೆಸಿತು. ಅದು ಯಾರಿಗೂ ಹಿಡಿಸಲಿಲ್ಲ. ಊಟ ಮಾಡಿಸುವಾಗ ಮಾವ ಮುಖ ಕಿವುಚುತ್ತಿದ್ದರು; ಸೊಸೆ ಅದನ್ನು ದುಃಖವೆಂದುಕೊಂಡು ಇನ್ನೊಂದು ತುತ್ತು ತಿನ್ನಿಸುತ್ತಿದ್ದಳು.

ಸೊಸೆಯದು ವೆಬ್‌ಸೈಟುಗಳಿಗೆ ಬಣ್ಣ ಬಳಿಯುವ ಕೆಲಸ. ಬಟನ್ನನ್ನು ಗುರುತಿಸಬೇಕಾದದ್ದು ಕರ್ನಲ್, ಅಂದರೆ ಕಂಪ್ಯೂಟರಿನ ತಳಪಾಯದ ಪ್ರೋಗ್ರಾಂ, ಎಂದು ತಿಳಿದದ್ದೇ ತಡ, ಅದನ್ನು ಬರೆದಿರುವ ಸೋರ್ಸ್ ಕೋಡ್ ಇಳಿಸಿಕೊಂಡು ಮೊದಲ ಫೈಲಿನ ಮೊದಲ ಸಾಲಿನಿಂದ ಓದತೊಡಗಿದಳು. ಭಕ್ತಿಯಿಂದ ಓದಿದಳು. ಈಗ ಯಾರ ಬಳಿಯೂ ಇಲ್ಲದ ಫ್ಲಾಪಿ ಡ್ರೈವುಗಳ ಬಗ್ಗೆ ಬಹಳ ತಿಳಿದುಕೊಂಡಳು. ಬಟನ್ನಿನ ತಲೆಬುಡ ಮಾತ್ರ ಗೊತ್ತಾಗಲಿಲ್ಲ.

ಕೊನೆಗೆ, ಕರ್ನಲ್ ಕೆಲಸದಲ್ಲೇ ಇದ್ದ ತನ್ನ ಅಕ್ಕನಿಗೆ ಫೋನ್ ಮಾಡಿದಳು.

"ಅಯ್ಯೋ ಪೆದ್ದಿ, ಅದೇನು ಕಾದಂಬರೀನಾ ಮೊದಲಿಂದ ಓದೋಕೆ? ಲಕ್ಷಗಟ್ಟಲೆ ಸಾಲಿದೆ, ಮುದುಕಿ ಆಗ್ತೀಯ," ಎಂದಳು ಅಕ್ಕ. "ನಿಂಗೆ ಬೇಕಿರೋದು ಒಂದು ಬಟನ್ ತಾನೇ? ಅದನ್ನ ಸಿಕ್ಕಿಸು, ಒತ್ತಿಸು, ಅದು ಹೋದ ಕಡೆ ಬೆನ್ನು ಹತ್ತು. ದಾರೀಲಿ ಅಲ್ಲಲ್ಲಿ 'ಇಲ್ಲಿವರೆಗೆ ಬಂತು' ಅಂತ ತೋರಿಸೋ ಸಾಲು ಸೇರಿಸು. ಯಾವುದು ತೆರೆ ಮೇಲೆ ಬರಲ್ವೋ ಅಲ್ಲೇ ಕಳ್ಳ ಇದ್ದಾನೆ. ಮಿಕ್ಕಿದ್ದು ಅರ್ಥ ಆಗದಿದ್ರೆ ಬಿಟ್ಹಾಕು."

ಸೊಸೆ ಸಾಲು ಸೇರಿಸಿ ಬಟನ್ ಸಿಕ್ಕಿಸಿದಳು. "ಒತ್ತಿ ಮಾವ." ಒತ್ತಿದರು. ಮೊದಲ ಸಾಲು ಬಂದಿತ್ತು, ಎರಡನೆಯದು ಇಲ್ಲ. "ಇನ್ನೊಂದ್ಸಲ." ಮತ್ತೆ ಒತ್ತಿದರು. ಅವಳು ಈ ಮನೆಗೆ ಬಂದಾಗಿನಿಂದ ಮಾವ ಎದುರಾಡದೆ ಅವಳ ಮಾತು ಕೇಳಿದ್ದು ಅದೇ ಮೊದಲು. ಅವಳಿಗೆ ಸಂಕಟವಾಯಿತು.

ಆ ಎರಡು ಸಾಲುಗಳ ನಡುವೆ ಒಂದು ಪಟ್ಟಿಯಿತ್ತು, ಕರ್ನಲ್‌ಗೆ ಪರಿಚಯವಿರುವ ಬಟನ್‌ಗಳದ್ದು. ಇದನ್ನು ಈಗ ಯಾರೂ ಬಳಸುವುದಿಲ್ಲವೆಂದು ಮಾವನ ಬಟನ್ನಿನ ಗುರುತಿನ ಸಂಖ್ಯೆಯನ್ನು ಯಾರೋ ಪುಣ್ಯಾತ್ಮರು ಕಿತ್ತುಹಾಕಿದ್ದರು. ಅವಳು ಮರಳಿ ಸೇರಿಸಿದಳು. ಒಂದೇ ಸಾಲು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು, ಬೇಕಾಗಿದ್ದದ್ದೂ ಇಲಿಯೇ.

ಕಂಪ್ಯೂಟರನ್ನು ಮತ್ತೆ ಆನ್ ಮಾಡಿದಳು. "ಒತ್ತಿ ಮಾವ."

ತೆರೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: "ಉಪ್ಪು ಜಾಸ್ತಿ."

"ಯಾವುದಕ್ಕೆ?"

"ಎಲ್ಲದಕ್ಕೂ."

"ಅಲ್ಲ ಮಾವ, ಇಷ್ಟು ದಿನ ಸುಮ್ನೆ ತಿಂದ್ರಲ್ಲ!"

"ಹೇಳೋಕೆ ಬಾಯಿ ಎಲ್ಲಿತ್ತು?"

ಸೊಸೆ ಅಡುಗೆಮನೆಗೆ ಓಡಿ, ಒಲೆಯ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ಹೊರಗೆ ಬಂದಾಗ ಮಾವ ಇನ್ನೂ ಒತ್ತುತ್ತಲೇ ಇದ್ದರು.

"ಪಾತ್ರೆ ಮೇಲೆ ಅಳಬೇಡ. ಅದೂ ಉಪ್ಪೇ."